ಸೇದುವವರ ಮೂಳೆಗೆ ನಡಿಗೆ: ಕೊಡಗಿನ ಏರು, ಇಳಿಜಾರು, ಮಳೆಗೆ ಹೊಂದುವ ಸಮಗ್ರ ಮಾರ್ಗದರ್ಶಿ

ಕಾಫಿ ಕುಯ್ಲು ಮುಗಿದು ಕೈ ಬಿಡುವಾಗುತ್ತಿದ್ದಂತೆ ಹೊಸ ಶೂ ಕೊಂಡು ನಡಿಗೆ ಶುರುಮಾಡುವವರು ಪ್ರತಿ ವರ್ಷ ಸಿಗುತ್ತಾರೆ. ಜೂನ್ ಮಳೆ ಹಿಡಿದ ವಾರವೇ ಆ ಶೂ ಅಟ್ಟ ಸೇರುತ್ತದೆ. ಇನ್ನು ಕೆಲವರು ಬಿಡದೆ ನಡೆಯುತ್ತಾರೆ, ಆದರೆ ಅವರ ನಡಿಗೆ ಮುಗಿಯುವುದು ಗೂಡಂಗಡಿಯ ಮುಂದೆ, ಒಂದು ಟೀ, ಒಂದು ಬೀಡಿಯ ಜೊತೆ. ಮೂರನೆಯವರು ಮೊದಲ ದಿನವೇ ಏರು ರಸ್ತೆಯಲ್ಲಿ ಓಡಿ, ನಾಲ್ಕನೆಯ ದಿನ ಮಂಡಿ ಹಿಡಿದು ಕೂರುತ್ತಾರೆ. ಆಮೇಲೆ ಎಲ್ಲರದ್ದೂ ಒಂದೇ ಪ್ರಶ್ನೆ: "ಇಷ್ಟು ನಡೆದರೂ ಡಾಕ್ಟರು ಮೂಳೆ ಸವೆದಿದೆ ಅಂತಾರಲ್ಲ?"

ನಾನೂ 18 ವರ್ಷ ಸೇದಿದವನು. ಒಂದು ಆಗಸ್ಟ್‌ನಲ್ಲಿ ಕಾಫಿ ಒಣಗಿಸುವ ಕಣದ ಪಾಚಿಯ ಮೇಲೆ ಜಾರಿ, ಬರೀ ನಿಂತ ಎತ್ತರದಿಂದ ಬಿದ್ದು, ಮಣಿಕಟ್ಟು ಮುರಿದುಕೊಂಡೆ. ಆರು ವಾರಕ್ಕೆ ಬಿಚ್ಚಬೇಕಿದ್ದ ಪಟ್ಟಿ ಹತ್ತನೆಯ ವಾರದವರೆಗೂ ಕೈಯಲ್ಲೇ ಇತ್ತು. ಆ ಹತ್ತೂ ವಾರ ಎಡಗೈಯಲ್ಲಿ ಸಿಗರೇಟು ಹಚ್ಚುವುದನ್ನು ಕಲಿತೆನೇ ಹೊರತು ಬಿಡುವುದನ್ನಲ್ಲ. ಆಮೇಲೆ ಮಾಡಿದ ತಪ್ಪುಗಳೇ ಈ ಬರಹದ ಹಂತಗಳ ಕ್ರಮವನ್ನು ತೀರ್ಮಾನಿಸಿವೆ.

ಶುರುಮಾಡುವ ಮೊದಲು ಇಷ್ಟು ಗೊತ್ತಿರಲಿ

ಮೂಳೆಯೊಳಗೆ ಹಳೆಯದನ್ನು ಕರಗಿಸುವ ಜೀವಕೋಶಗಳೂ ಹೊಸದನ್ನು ಕಟ್ಟುವ ಜೀವಕೋಶಗಳೂ ಸದಾ ಕೆಲಸದಲ್ಲಿರುತ್ತವೆ. ವಯಸ್ಸು 30ರ ಆಸುಪಾಸಿನವರೆಗೆ ಕಟ್ಟುವವುಗಳ ಕೈ ಮೇಲು, ಆಮೇಲೆ ನಿಧಾನವಾಗಿ ಕರಗಿಸುವವುಗಳದ್ದು. ಹೆಂಗಸರಲ್ಲಿ ಮುಟ್ಟು ನಿಂತ ನಂತರದ ಐದಾರು ವರ್ಷ ಈ ಸವೆತ ಬಹಳ ಜೋರು. ಹೊಗೆ ಕಟ್ಟುವ ಜೀವಕೋಶಗಳನ್ನು ಕುಗ್ಗಿಸುತ್ತದೆ, ಕರುಳು ಕ್ಯಾಲ್ಸಿಯಂ ಹೀರುವುದನ್ನು ತಗ್ಗಿಸುತ್ತದೆ, ರಕ್ತನಾಳಗಳನ್ನು ಬಿಗಿಯುತ್ತದೆ. ಸೇದುವ ಹೆಂಗಸರಲ್ಲಿ ಈಸ್ಟ್ರೋಜನ್ ಇಳಿದು ಮುಟ್ಟು ಒಂದೆರಡು ವರ್ಷ ಮೊದಲೇ ನಿಲ್ಲುತ್ತದೆ.

ಮೈಭಾರ ಹೊತ್ತು ನಡೆದಾಗ ಮೂಳೆಗೆ "ಇಲ್ಲಿ ಗಟ್ಟಿ ಮಾಡು" ಎಂಬ ಸೂಚನೆ ಹೋಗುತ್ತದೆ. ಮೇಸ್ತ್ರಿಗೆ ಗೋಡೆ ತೋರಿಸಿ ಬಂದ ಹಾಗೆ. ಸೇದುವುದೆಂದರೆ ಅದೇ ಹೊತ್ತಿಗೆ ಸಿಮೆಂಟ್ ಲಾರಿಯನ್ನು ಗೇಟಿನಲ್ಲಿ ತಡೆದು ನಿಲ್ಲಿಸುವುದು. ಸೇದಿಕೊಂಡೇ ವ್ಯಾಯಾಮ ಮಾಡುವವನು ಸುಮ್ಮನೆ ಕೂತು ಸೇದುವವನಿಗಿಂತ ಮೇಲು, ನಿಜ. ಆದರೆ ನಡಿಗೆ ಹೊಗೆಯನ್ನು ತೊಳೆಯುತ್ತದೆ ಎಂಬ ಲೆಕ್ಕಾಚಾರ ಸುಳ್ಳು.

ಇನ್ನೊಂದು ಮಾತು. ಸೈಕಲ್ಲು, ಈಜು ಹೃದಯಕ್ಕೂ ಉಸಿರಿಗೂ ಬಹಳ ಒಳ್ಳೆಯವು, ಆದರೆ ಅಲ್ಲಿ ಮೈಭಾರವನ್ನು ಸೀಟೋ ನೀರೋ ಹೊರುತ್ತದೆ. ಮೂಳೆಗೆ ಬೇಕಾದ್ದು ಪಾದ ನೆಲಕ್ಕೆ ಬೀಳುವ ವ್ಯಾಯಾಮ: ಬಿರುಸು ನಡಿಗೆ, ಮೆಟ್ಟಿಲು, ಕುಣಿತ, ನಿಧಾನ ಓಟ. ಅದರಲ್ಲೂ ಬರೀ ನಡಿಗೆ ಸವೆತವನ್ನು ನಿಧಾನಿಸುತ್ತದೆ, ಮುಖ್ಯವಾಗಿ ಸೊಂಟದ ಕೀಲಿನ ಕಡೆ. ಹೊಸ ಮೂಳೆ ಕಟ್ಟಿಸಲು ಅದರ ಜೊತೆಗೆ ಭಾರದ ವ್ಯಾಯಾಮವೂ ಸೇರಬೇಕು. ಅದು 5ನೇ ಹಂತದಲ್ಲಿದೆ, ಅಲ್ಲಿಗೆ ನೇರವಾಗಿ ಹಾರಬೇಡಿ.

ಹಂತ 1: ಮನೆಯಲ್ಲೇ ಮೂರು ಪರೀಕ್ಷೆ, ಆಮೇಲೆ ವೈದ್ಯರು

ಗೋಡೆಗೆ ಬೆನ್ನು ಕೊಟ್ಟು ನಿಂತು ಎತ್ತರ ಅಳೆಸಿಕೊಳ್ಳಿ. ಆಧಾರ್‌ಗಿಂತ ಹಳೆಯ ದಾಖಲೆ, ಅಂದರೆ ಸೇನೆಗೆ ಸೇರಿದಾಗಿನದ್ದೋ ಕಾಲೇಜಿನದ್ದೋ ಇದ್ದರೆ ಹೋಲಿಸಿ. ಕೊಡಗಿನ ಎಷ್ಟೋ ಮನೆಗಳಲ್ಲಿ ನಿವೃತ್ತ ಯೋಧರಿದ್ದಾರೆ, ಅವರ ಕಾಗದದಲ್ಲಿ ಎತ್ತರ ಖಂಡಿತ ಬರೆದಿರುತ್ತದೆ. 4 ಸೆಂಟಿಮೀಟರಿಗಿಂತ ಹೆಚ್ಚು ಕುಗ್ಗಿದ್ದರೆ ಬೆನ್ನಿನ ಮೂಳೆ ಗೊತ್ತಿಲ್ಲದಂತೆ ಕುಸಿದಿರಬಹುದು. ಮೊದಲು ಎಕ್ಸ್‌ರೇ, ಆಮೇಲೆ ನಡಿಗೆ.

ಎರಡನೆಯದು, ಅಡುಗೆಮನೆ ಕಟ್ಟೆಯ ಪಕ್ಕ ಒಂಟಿ ಕಾಲಲ್ಲಿ 10 ಸೆಕೆಂಡು ನಿಲ್ಲಿ. ಮೂರನೆಯದು, ಕೈ ಊರದೆ ಕುರ್ಚಿಯಿಂದ ಐದು ಸಲ ಏಳಿ. ಇವೆರಡೂ ಆಗದಿದ್ದರೆ ನಿಮ್ಮ ಮೊದಲ ಶತ್ರು ಬೀಳುವುದು. ನಡಿಗೆಗೆ ಹೊರಡುವ ಮುನ್ನ ಎರಡು ವಾರ ಈ ಎರಡನ್ನೇ ಅಭ್ಯಾಸ ಮಾಡಿ.

ಇವರು ವೈದ್ಯರನ್ನು ನೋಡದೆ ಶುರುಮಾಡಲೇಬಾರದು: ನಡೆದರೆ ಎದೆ ಹಿಡಿಯುವವರು, ಹೃದ್ರೋಗ ಅಥವಾ ಹತೋಟಿಗೆ ಬಾರದ ಬಿಪಿ, ಸಕ್ಕರೆ ಇರುವವರು, ಸಣ್ಣ ಪೆಟ್ಟಿಗೇ ಮೂಳೆ ಮುರಿದುಕೊಂಡವರು. ದಮ್ಮಿಗೆಂದು ತಿಂಗಳುಗಟ್ಟಲೆ ಸ್ಟಿರಾಯ್ಡ್ ಮಾತ್ರೆ ನುಂಗಿದವರನ್ನೂ ಈ ಪಟ್ಟಿಗೆ ಸೇರಿಸುತ್ತೇನೆ, ಏಕೆಂದರೆ ಹೊಗೆಯ ಜೊತೆ ಆ ಮಾತ್ರೆಯೂ ಮೂಳೆ ತಿನ್ನುತ್ತದೆ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಅದು ಇನ್ನೂ ಅಪಾಯ.

ಮೂಳೆಯ ಸಾಂದ್ರತೆಯ ನಿಜವಾದ ಅಳತೆ ಡೆಕ್ಸಾ ಸ್ಕ್ಯಾನ್. ಮೈಸೂರು, ಮಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಮಾಡುತ್ತಾರೆ. ಅದರಲ್ಲಿ ಟಿ-ಸ್ಕೋರ್, ಅಂದರೆ ನಿಮ್ಮ ಮೂಳೆಯನ್ನು ಆರೋಗ್ಯವಂತ ಯುವ ವಯಸ್ಸಿನವರ ಮೂಳೆಗೆ ಹೋಲಿಸಿದ ಅಂಕ, ಮೈನಸ್ 1ರಿಂದ ಮೈನಸ್ 2.5ರ ನಡುವೆ ಇದ್ದರೆ ಸವೆತದ ಆರಂಭ, ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗಿ ಸುಲಭವಾಗಿ ಮುರಿಯುವ ಕಾಯಿಲೆ. ಉಚಿತ ಶಿಬಿರಗಳಲ್ಲಿ ಹಿಮ್ಮಡಿಯನ್ನು ಯಂತ್ರದಲ್ಲಿಟ್ಟು ಕೊಡುವ ಚೀಟಿ ಒಂದು ಸುಳಿವು ಮಾತ್ರ. ಆ ಚೀಟಿ ನೋಡಿ ಹೆದರಿ ಮಲಗಿದವರನ್ನೂ ಕಂಡಿದ್ದೇನೆ, ಅದು ಚೆನ್ನಾಗಿದೆಯೆಂದು ಪ್ಯಾಕೆಟ್ ಒಡೆದವರನ್ನೂ ಕಂಡಿದ್ದೇನೆ.

ಬೇಕಾದ ಸಾಮಾನು

ಹಿಡಿತವಿರುವ ತಳದ, ಲೇಸು ಕಟ್ಟುವ ಶೂ. ತೋಟದ ಗಂಬೂಟು ನಡಿಗೆಗಲ್ಲ. ಹಿಮ್ಮಡಿ ಒಳಗೆ ಜಾರುತ್ತದೆ, ಪಾದ ಬಗ್ಗುವುದಿಲ್ಲ. ಇಳಿಜಾರಿಗೆ ಒಂದು ಊರುಗೋಲು, ಸೆಕೆಂಡು ಕಾಣುವ ಗಡಿಯಾರ, ಒಂದು ಸಣ್ಣ ನೋಟುಬುಕ್ಕು, ಅಲುಗಾಡದ ಗಟ್ಟಿ ಕುರ್ಚಿ, ಎರಡು ಒಂದು ಲೀಟರಿನ ನೀರಿನ ಬಾಟಲಿ. ಇಷ್ಟೇ.

ಹಂತ 2: ಮೊದಲು ಬೀಡಿಯ ಗಡಿಯಾರ ಬದಲಿಸಿ

ಹೆಚ್ಚಿನವರು ಹಾರಿ ಮುಂದೆ ಹೋಗುವ ಹಂತ ಇದೇ. ಸೇದಿದಾಗ ಒಳಹೋಗುವ ಕಾರ್ಬನ್ ಮಾನಾಕ್ಸೈಡ್, ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ತಾನು ಕೂರುತ್ತದೆ. ಅದು ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು. ನಿಕೋಟಿನ್ ನಾಡಿಯನ್ನು ಏರಿಸುತ್ತದೆ. ಹಾಗಾಗಿ ಸೇದಿ ಹೊರಟವನಿಗೆ ಸಣ್ಣ ಏರೂ ಬೆಟ್ಟವಾಗುತ್ತದೆ. "ನನಗೆ ವ್ಯಾಯಾಮ ಆಗಿಬರಲ್ಲ" ಎನ್ನುವವರಲ್ಲಿ ಅರ್ಧ ಜನಕ್ಕೆ ಆಗಿಬಾರದ್ದು ಬೆಳಗಿನ ಆ ಮೊದಲ ಸಿಗರೇಟು ಎಂದೇ ನನ್ನ ಅನುಮಾನ.

ಕ್ರಮ ಹೀಗಿರಲಿ. ಮೊದಲ ವಾರ ಎಷ್ಟು ಸೇದುತ್ತೀರಿ ಎಂದು ಬರೆದಿಡಿ, ಕಡಿಮೆ ಮಾಡುವ ಗೋಜಿಗೆ ಹೋಗಬೇಡಿ. ಎರಡನೇ ವಾರದಿಂದ ನಡಿಗೆಗೆ ಎರಡು ಗಂಟೆ ಮೊದಲು, ನಡಿಗೆಯ ನಂತರ ಒಂದು ಗಂಟೆ ಸೇದುವಂತಿಲ್ಲ. ಬೆಳಗಿನ ನಡಿಗೆಯಾದರೆ ಎದ್ದ ಕೂಡಲೇ ಸೇದುವುದು ತಾನಾಗಿಯೇ ಹೋಗುತ್ತದೆ. ಮೂರನೇ ವಾರದಿಂದ, ಚಟ ಎಳೆದಾಗಲೆಲ್ಲ 10 ನಿಮಿಷ ಬಿರುಸಾಗಿ ನಡೆಯಿರಿ. ಎಳೆತದ ಜೋರು ಕೆಲವೇ ನಿಮಿಷಗಳದ್ದು, ಸಣ್ಣ ನಡಿಗೆ ಅದನ್ನು ತಗ್ಗಿಸುತ್ತದೆ ಎಂಬುದು ಪರೀಕ್ಷಿತ ಸಂಗತಿ. ನಾಲ್ಕನೇ ವಾರದಲ್ಲಿ ಬಿಡುವ ದಿನವೊಂದನ್ನು ಗೊತ್ತುಮಾಡಿ. ಸಹಾಯಕ್ಕೆ ರಾಷ್ಟ್ರೀಯ ತಂಬಾಕು ತ್ಯಜಿಸುವ ಸಹಾಯವಾಣಿ 1800-11-2356 ಇದೆ, ಕರೆಗೆ ಕಾಸಿಲ್ಲ. ನಿಕೋಟಿನ್ ಗಮ್ ಅಥವಾ ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿ ಬೇಕಾದರೆ ಎಷ್ಟು, ಎಷ್ಟು ದಿನ ಎಂಬುದನ್ನು ವೈದ್ಯರಿಂದ ಕೇಳಿಕೊಳ್ಳಿ.

ಇಲ್ಲಿ ಆಗುವ ತಪ್ಪು ಎರಡು. ಸಿಗರೇಟು ಬಿಟ್ಟು ಬೀಡಿಗೆ ಇಳಿಯುವುದು: ಬೀಡಿಗೆ ಫಿಲ್ಟರ್ ಇಲ್ಲ, ಆರಿಹೋಗದಂತೆ ಪದೇ ಪದೇ ದಮ್ಮೆಳೆಯಬೇಕು, ವಿಷ ಒಂದಿಷ್ಟೂ ಕಮ್ಮಿಯಲ್ಲ. ಸೇದುವುದು ಬಿಟ್ಟು ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಇಟ್ಟುಕೊಳ್ಳುವುದು: ನಿಕೋಟಿನ್ ಹಾಗೇ ಉಳಿಯಿತು, ಬಾಯಿಯ ಕ್ಯಾನ್ಸರಿನ ಭಯ ಬೇರೆ ಸೇರಿತು.

ಬಿಟ್ಟ ಮೇಲೆ ಮೂರ್ನಾಲ್ಕು ಕಿಲೋ ತೂಕ ಏರಬಹುದು. ಹೆದರಿ ಊಟ ಬಿಡಬೇಡಿ. ಉಪವಾಸದಿಂದ ಥಟ್ಟನೆ ಇಳಿಸಿದ ತೂಕದ ಜೊತೆ ಮೂಳೆಯೂ ಇಳಿಯುತ್ತದೆ.

ಹಂತ 3: ಮೊದಲ ನಾಲ್ಕು ವಾರ ಸಮತಟ್ಟಿನಲ್ಲಿ

ಮಡಿಕೇರಿಯಲ್ಲಿ ಸಮತಟ್ಟು ಎಲ್ಲಿದೆ ಎಂದು ನಗಬೇಡಿ. ಶಾಲೆಯ ಮೈದಾನ, ಹಾಕಿ ಮೈದಾನದ ಅಂಚು, ಕುಯ್ಲು ಮುಗಿದ ಕಣ, ಕುಶಾಲನಗರದ ಕಡೆಯವರಿಗಾದರೆ ಊರೇ ಸಮತಟ್ಟು.

ಮೊದಲೆರಡು ವಾರ 10 ನಿಮಿಷದಂತೆ ದಿನಕ್ಕೆ ಎರಡು ಸಲ. ಮುಂದಿನೆರಡು ವಾರ 15 ನಿಮಿಷದಂತೆ ಎರಡು ಸಲ. ಮೊದಲ 3 ನಿಮಿಷ ಮೆಲ್ಲಗೆ, ಕೊನೆಯ 3 ನಿಮಿಷ ಮೆಲ್ಲಗೆ. ನಡುವಿನ ವೇಗಕ್ಕೆ ಅಳತೆಗೋಲು ಮಾತು: ಪಕ್ಕದವರೊಡನೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಸೇದುವವರಿಗೆ ನಾಡಿಯ ಲೆಕ್ಕ ನಾನು ಹೇಳುವುದಿಲ್ಲ, ನಿಕೋಟಿನ್ನೂ ಬಿಪಿ ಮಾತ್ರೆಯೂ ಅದನ್ನು ಕೆಡಿಸುತ್ತವೆ.

ದಿನಕ್ಕೆ ಎರಡು ಸಲ ಎಂದದ್ದಕ್ಕೆ ಕಾರಣವಿದೆ. ಒಂದೇ ಬಗೆಯ ಭಾರ ಪದೇ ಪದೇ ಬಿದ್ದರೆ ಮೂಳೆಯ ಜೀವಕೋಶಗಳು ಬೇಗ ಜಡವಾಗುತ್ತವೆ, ಕೆಲವು ಗಂಟೆ ಬಿಟ್ಟರೆ ಮತ್ತೆ ಚುರುಕಾಗುತ್ತವೆ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಇದು ಸ್ಪಷ್ಟವಾಗಿ ಕಂಡಿದೆ. "ದಿನವಿಡೀ ತೋಟದಲ್ಲಿ ನಡೀತೀನಲ್ಲ ಅಣ್ಣ, ಇನ್ನೇನು ನಡಿಗೆ?" ಎಂದು ನಮ್ಮ ತೋಟದ ಕೆಲಸದವನೊಬ್ಬ ಕೇಳಿದ್ದ. ಉತ್ತರ ಇಲ್ಲೇ ಇದೆ. ಗಿಡದಿಂದ ಗಿಡಕ್ಕೆ ಮೆಲ್ಲನೆ ಸರಿಯುವ ನಡಿಗೆಗೆ ಅವನ ಮೂಳೆ ವರ್ಷಗಳ ಹಿಂದೆಯೇ ಒಗ್ಗಿದೆ. ಹೊಸ ಸೂಚನೆ ಕೊಡಲು ವೇಗ ಬದಲಾಗಬೇಕು, ದಿಕ್ಕು ಬದಲಾಗಬೇಕು.

ಹೊತ್ತಿನ ವಿಚಾರಕ್ಕೆ ಬಂದರೆ, ಸಿದ್ದಾಪುರ, ತಿತಿಮತಿ, ವಿರಾಜಪೇಟೆಯ ಕಡೆ ನಸುಕಿನಲ್ಲಿ, ಮುಸ್ಸಂಜೆಯಲ್ಲಿ ತೋಟದ ದಾರಿ ಹಿಡಿಯಬೇಡಿ. ಹಲಸು ಹಣ್ಣಾಗುವ ಕಾಲದಲ್ಲಂತೂ ಆನೆ ಯಾವ ಬೇಲಿಯ ಹಿಂದೆ ನಿಂತಿರುತ್ತದೋ ಹೇಳಲಾಗದು. ಬೆಳಕು ಚೆನ್ನಾಗಿ ಹರಿದ ಮೇಲೆ, ಇಬ್ಬರಾಗಿ, ಕಿವಿಗೆ ಇಯರ್‌ಫೋನ್ ಇಲ್ಲದೆ ಹೊರಡಿ.

ಹಂತ 4: ಐದನೇ ವಾರದಿಂದ ಏರು

ಈಗ ದಿನಕ್ಕೆ 30 ನಿಮಿಷ, ವಾರಕ್ಕೆ ಐದು ದಿನ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ವಾರಕ್ಕೆ 150ರಿಂದ 300 ನಿಮಿಷದ ಕೆಳಗಿನ ಗಡಿಗೆ ಇಷ್ಟಾದರೆ ತಲುಪಿದಂತೆ. ಎರಡು ಸಲವಾಗಿ ಒಡೆದರೂ ಸರಿ.

ಏರಿನಲ್ಲಿ ಉಸಿರು ದುಡಿಯುತ್ತದೆ, ಇಳಿಜಾರಿನಲ್ಲಿ ಕಾಲು ದುಡಿಯುತ್ತದೆ. ಇಳಿಯುವಾಗ ಪಾದ ಬೀಳುವ ಪೆಟ್ಟು ಹೆಚ್ಚು, ಅದು ಮೂಳೆಗೆ ಒಳ್ಳೆಯ ಸೂಚನೆಯೇ, ಆದರೆ ಮಂಡಿಗೆ ಕಷ್ಟ, ಜಾರುವುದೂ ಅಲ್ಲೇ. ಆದ್ದರಿಂದ ಮೊದಲ ಎರಡು ವಾರ ಸಣ್ಣ ಏರು, ಇಳಿಯುವಾಗ ಚಿಕ್ಕ ಹೆಜ್ಜೆ, ಮಂಡಿ ಸ್ವಲ್ಪ ಬಗ್ಗಿರಲಿ, ಊರುಗೋಲು ಮುಂದಿರಲಿ. ಏಳನೇ ವಾರದಿಂದ ಪ್ರತಿ ಐದು ನಿಮಿಷಕ್ಕೊಮ್ಮೆ ಒಂದು ನಿಮಿಷ ಜೋರು ನಡಿಗೆ ಸೇರಿಸಿ. ನಡುನಡುವೆ ನಾಲ್ಕು ಹೆಜ್ಜೆ ಅಡ್ಡಡ್ಡ, ನಾಲ್ಕು ಹೆಜ್ಜೆ ಹಿಂದಕ್ಕೆ. ನೋಡಿದವರು ನಗುತ್ತಾರೆ, ನಗಲಿ.

ತಡಿಯಂಡಮೋಳ್ ಹತ್ತಿ ಬಂದು ಫೋಟೋ ಹಾಕುವ ಆಸೆ ಈ ಹೊತ್ತಿಗೆ ಹುಟ್ಟುತ್ತದೆ. 1,748 ಮೀಟರಿನ ಶಿಖರ ಎಲ್ಲೂ ಓಡಿಹೋಗುವುದಿಲ್ಲ, ಆರು ತಿಂಗಳು ಕಾಯಿರಿ.

ಹಂತ 5: ಮೂಳೆಗೆ ಭಾರ

ಇದು ವಾರಕ್ಕೆ ಮೂರು ದಿನ, ಒಂದು ದಿನ ಬಿಟ್ಟು ಒಂದು ದಿನ, ಎಂಟನೇ ವಾರದಿಂದ.

ಮೊದಲನೆಯದು ಹಿಮ್ಮಡಿ ಬೀಳಿಸುವುದು. ಕುರ್ಚಿಯ ಬೆನ್ನು ಹಿಡಿದು ಕಾಲ್ಬೆರಳ ಮೇಲೆ ಏರಿ, ಹಿಮ್ಮಡಿಯನ್ನು ಸ್ವಲ್ಪ ಸದ್ದಾಗುವಂತೆ ನೆಲಕ್ಕೆ ಬಿಡಿ. 10ರಿಂದ ಶುರುಮಾಡಿ, ನಾಲ್ಕು ವಾರದಲ್ಲಿ 40ಕ್ಕೆ. ಸಿಮೆಂಟಿನ ಮೇಲೆ ಬೇಡ, ಮಣ್ಣಿನ ಅಂಗಳ ಅಥವಾ ಮರದ ಹಲಗೆ ಸರಿ, ಶೂ ಇರಲಿ.

ಎರಡನೆಯದು ಕುರ್ಚಿಯಿಂದ ಏಳುವುದು, 10 ಸಲದಂತೆ ಎರಡು ಸುತ್ತು. ಸುಲಭವಾದಾಗ ಎರಡೂ ಕೈಯಲ್ಲಿ ನೀರಿನ ಬಾಟಲಿ. ಮೂರನೆಯದು ಗೋಡೆಗೆ ಕೈಯೂರಿ ದಂಡ, ಮಣಿಕಟ್ಟಿನ ಮೂಳೆಗೆ ಇದೇ ಬೇಕು. ನಾಲ್ಕನೆಯದು ಕೈಕಂಬಿ ಹಿಡಿದು ಮೆಟ್ಟಿಲು, ಐದು ನಿಮಿಷ.

ಸಣ್ಣ ಜಿಗಿತ ಕೊನೆಗೆ, ಅದೂ ಹಿಂದೆ ಮೂಳೆ ಮುರಿಯದ, ಟಿ-ಸ್ಕೋರ್ ಮೈನಸ್ 2.5ಕ್ಕಿಂತ ಮೇಲಿರುವ, ಮಂಡಿ ನೋವಿಲ್ಲದವರಿಗೆ ಮಾತ್ರ. ಹತ್ತು ಜಿಗಿತದಿಂದ ಶುರು.

ಆಸ್ಟಿಯೋಪೊರೋಸಿಸ್ ಆಗಲೇ ಇರುವವರು ಬೆನ್ನು ಬಗ್ಗಿಸಿ ಕಾಲ್ಬೆರಳು ಮುಟ್ಟುವುದು, ಅಂಗಾತ ಮಲಗಿ ತಲೆ, ಎದೆ ಎತ್ತುವುದು, ಸೊಂಟ ತಿರುಚುವುದು ಮಾಡಕೂಡದು. ಬೆನ್ನುಮೂಳೆ ಮುಂಭಾಗದಲ್ಲಿ ಕುಸಿಯುವುದು ಇಂಥ ಬಗ್ಗುವಿಕೆಯಲ್ಲೇ. ಕಾಫಿ ಚೀಲ ಎತ್ತುವುದೂ ವ್ಯಾಯಾಮವೇ ಎನ್ನುವವರು ಇದನ್ನು ಎರಡು ಸಲ ಓದಿ. ಒಂಟಿ ಬಿದಿರಿನ ಏಣಿಯಲ್ಲಿ ಕರಿಮೆಣಸು ಕುಯ್ಯುವುದನ್ನೂ ಈ ವರ್ಷ ಬೇರೆಯವರಿಗೆ ಬಿಡಿ.

ಹಂತ 6: ತಟ್ಟೆ ಮತ್ತು ಬಿಸಿಲು

ದೊಡ್ಡವರಿಗೆ ದಿನಕ್ಕೆ 1,000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು, ಮುಟ್ಟು ನಿಂತ ಹೆಂಗಸರಿಗೆ 1,200. ನಮ್ಮ ತಟ್ಟೆ ಅಕ್ಕಿಯದ್ದು: ಅಕ್ಕಿ ರೊಟ್ಟಿ, ಕಡಂಬುಟ್ಟು, ನೂಪುಟ್ಟು, ಅನ್ನ. ಅಕ್ಕಿಯಲ್ಲಿ ಕ್ಯಾಲ್ಸಿಯಂ ಲೆಕ್ಕಕ್ಕೆ ಬಾರದಷ್ಟು, ಪಂದಿ ಕರಿಯಲ್ಲೂ ಅಷ್ಟೆ. ರಾಗಿಯಲ್ಲಿ ನೂರು ಗ್ರಾಂಗೆ ಸುಮಾರು 350 ಮಿಲಿಗ್ರಾಂ. ಒಂದು ಲೋಟ ಹಾಲು ಅಥವಾ ಮೊಸರಿನಲ್ಲಿ 240ರಷ್ಟು. ಒಂದು ದೊಡ್ಡ ಚಮಚ ಸಿಪ್ಪೆಸಹಿತ ಎಳ್ಳಿನಲ್ಲಿ ನೂರರ ಆಸುಪಾಸು. ಮುಳ್ಳಿನ ಸಮೇತ ತಿನ್ನುವ ಸಣ್ಣ ಮೀನು ಬಹಳ ಒಳ್ಳೆಯದು. ಒಣಮೀನಾದರೆ ನೆನೆಸಿ ಉಪ್ಪು ತೆಗೆಯಿರಿ, ಉಪ್ಪು ಹೆಚ್ಚಾದರೆ ಮೂತ್ರದಲ್ಲಿ ಕ್ಯಾಲ್ಸಿಯಂ ಹೋಗುತ್ತದೆ. ವಾರದಲ್ಲಿ ನಾಲ್ಕು ಸಂಜೆ ರಾಗಿ ಮುದ್ದೆ ಅಥವಾ ಅಂಬಲಿ, ದಿನಕ್ಕೆ ಎರಡು ಲೋಟ ಹಾಲು-ಮೊಸರು. ಇದರಿಂದಲೇ ಕೊರತೆಯ ಬಹುಪಾಲು ತುಂಬುತ್ತದೆ.

ವಿಟಮಿನ್ ಡಿಗೆ ಬೆಳಗಿನ ಎಳೆಬಿಸಿಲು ಎಂಬ ನಂಬಿಕೆ ತಪ್ಪು. ಚರ್ಮದಲ್ಲಿ ಡಿ ತಯಾರಿಸುವ ಕಿರಣ ಜೋರಾಗಿರುವುದು ಬೆಳಿಗ್ಗೆ 10ರಿಂದ ಮಧ್ಯಾಹ್ನ 3ರವರೆಗೆ. ತೋಳು, ಕಾಲಿಗೆ ಅರ್ಧ ಗಂಟೆ ಬೀಳಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮಗೆ ಸೂರ್ಯನೇ ಅಪರೂಪ, ಹಾಗಾಗಿ ಮಳೆಗಾಲಕ್ಕೆ ಮುಂಚೆ ರಕ್ತ ಪರೀಕ್ಷೆ ಮಾಡಿಸಿ. 60,000 ಯೂನಿಟ್ಟಿನ ಪುಡಿ ಪೊಟ್ಟಣವನ್ನು ಅಂಗಡಿಯಿಂದ ತಂದು ದಿನಕ್ಕೊಂದು ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡ ಕೆಡುತ್ತದೆ. ಅದು ವೈದ್ಯರು ಹೇಳಿದಾಗ ವಾರಕ್ಕೋ ತಿಂಗಳಿಗೋ ಒಂದು ನುಂಗುವಂಥದ್ದು.

ಹಂತ 7: ಮಳೆಗಾಲ ದಾಟುವುದು

ನಿಜವಾದ ಪರೀಕ್ಷೆ ಇಲ್ಲಿದೆ. ನಿಲ್ಲಿಸಿದರೆ ಗಳಿಸಿದ್ದು ಮೆಲ್ಲಗೆ ಕರಗುತ್ತದೆ, ಮನೆಯೊಳಗೆ ಕೂತ ಕೈಗೆ ಬೀಡಿ ಮತ್ತೆ ಬರುತ್ತದೆ. ಕಕ್ಕಡದಲ್ಲಿ, ಅಂದರೆ ಮಳೆ ಜೋರಾಗಿರುವ ಕೊಡವ ತಿಂಗಳಲ್ಲಿ, ಬೆಂಕಿಯ ಪಕ್ಕ ಕೂತು ಹೊರಗಿನ ಮಳೆ ನೋಡುತ್ತಾ ಸೇದುವ ಸುಖ ಏನೆಂದು ನನಗೂ ಗೊತ್ತು.

ಮೇ ತಿಂಗಳಲ್ಲೇ ಮನೆಯೊಳಗಿನ ಜಾಗ ಗೊತ್ತುಮಾಡಿಕೊಳ್ಳಿ. ಜಗಲಿಯ ಉದ್ದಕ್ಕೆ ಹೋಗಿಬರುವುದು 10 ನಿಮಿಷ, ಒಂದೇ ಮೆಟ್ಟಿಲನ್ನು ಹತ್ತಿ ಇಳಿಯುವುದು 5 ನಿಮಿಷ, ನಿಂತಲ್ಲೇ ಮಂಡಿ ಎತ್ತಿ ನಡೆಯುವುದು 5 ನಿಮಿಷ, ನಡುವೆ ಹಿಮ್ಮಡಿ ಬೀಳಿಸುವುದು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ವಾಲಗಕ್ಕೆ ಕುಣಿಯುವ ರೂಢಿಯಿರುವ ಮನೆಗಳಲ್ಲಿ ಇನ್ನೂ ಸುಲಭ: ಫೋನಿನಲ್ಲಿ ವಾಲಗ ಹಾಕಿ 15 ನಿಮಿಷ ಕುಣಿದರೆ ಪಾದವೂ ಬೀಳುತ್ತದೆ, ದಿಕ್ಕೂ ಬದಲಾಗುತ್ತದೆ, ಉಸಿರೂ ಏರುತ್ತದೆ.

ಮಳೆ ಬಿಟ್ಟ ದಿನ ಹೊರಗೆ ಹೋದರೆ ಡಾಂಬರು ರಸ್ತೆ ಮಾತ್ರ. ಕಣ, ಕಲ್ಲು ಮೆಟ್ಟಿಲು, ಬಚ್ಚಲ ಹಿಂದಿನ ದಾರಿಯ ಪಾಚಿಯನ್ನು ಸುಣ್ಣ ಅಥವಾ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿಸಿ. ಜಿಗಣೆ ಹತ್ತಿದರೆ ಗಾಬರಿಯಾಗಿ ಒಂಟಿ ಕಾಲಲ್ಲಿ ಕುಣಿಯಬೇಡಿ, ಕೂತು ಬಿಡಿಸಿ. ಅದರ ಮೇಲೆ ಚಿಟಿಕೆ ನಶ್ಯ ಉದುರಿಸಿದರೆ ಬಿಟ್ಟುಬಿಡುತ್ತದೆ. ಹೊಗೆಸೊಪ್ಪಿಗೆ ನಾನು ಒಪ್ಪುವ ಕೆಲಸ ಅದೊಂದೇ.

ನಿಲ್ಲಿಸಿ ಎನ್ನುವ ಸೂಚನೆಗಳು

ಎದೆ ಬಿಗಿತ, ದವಡೆಗೋ ಎಡತೋಳಿಗೋ ಹರಿಯುವ ನೋವು, ತಣ್ಣನೆ ಬೆವರು: ಅಲ್ಲೇ ಕೂತು 108ಕ್ಕೆ ಕರೆ ಮಾಡಿಸಿ. ಗ್ಯಾಸು ಎಂದು ಸೋಡಾ ಕುಡಿಯುತ್ತಾ ಹೊತ್ತು ಕಳೆಯಬೇಡಿ.

ಇಂತಿಷ್ಟು ದೂರ ನಡೆದರೆ ಮೀನಖಂಡ ಹಿಂಡಿದಂತಾಗಿ, ನಿಂತರೆ ಹೋಗಿ, ಮತ್ತೆ ಅಷ್ಟೇ ದೂರಕ್ಕೆ ಬಂದರೆ ಅದು ಸೇದುವವರ ಕಾಲಿನ ರಕ್ತನಾಳ ಕಟ್ಟುತ್ತಿರುವ ಗುರುತು. ಬೆರಳು ತಣ್ಣಗಾಗುವುದು, ಕಪ್ಪಾಗುವುದು, ಹುಣ್ಣು ಮಾಯದಿರುವುದು ಇನ್ನೂ ಮುಂದಿನದ್ದು. ಎಣ್ಣೆ ಹಚ್ಚಿ ತಿಕ್ಕುವ ಕೆಲಸವಲ್ಲ.

ಕೆಮ್ಮಿನಲ್ಲಿ ರಕ್ತ, ಮೂರು ವಾರ ದಾಟಿದ ಕೆಮ್ಮು, ಕೂತರೂ ತಗ್ಗದ ಏದುಸಿರು. ಇವುಗಳಿಗೆ ಎದೆಯ ಪರೀಕ್ಷೆ.

ಮೂಳೆಯ ಕಡೆಯಿಂದ ಬರುವ ಸೂಚನೆ ಸಣ್ಣದು, ಅದಕ್ಕೇ ತಪ್ಪಿಹೋಗುತ್ತದೆ. ಮೊಳಕಾಲಿನ ಕೆಳಗಿನ ಎಲುಬಿನಲ್ಲೋ ಪಾದದ ಮೇಲೋ ಒಂದು ಬೆರಳಿನಲ್ಲಿ ತೋರಿಸಬಹುದಾದ ಜಾಗದಲ್ಲಿ ನೋವು, ನಡೆದಷ್ಟೂ ಹೆಚ್ಚು: ಕೂದಲೆಳೆಯ ಬಿರುಕಿರಬಹುದು. ತೊಡೆಸಂದಿಯ ಆಳದ ನೋವನ್ನಂತೂ ಒಂದು ದಿನವೂ ನಡೆದು ಪರೀಕ್ಷಿಸಬೇಡಿ. ಕೆಮ್ಮಿದಾಗಲೋ ಬಿಂದಿಗೆ ಎತ್ತಿದಾಗಲೋ ಬೆನ್ನಲ್ಲಿ ಛಳಕ್ ಎಂದು, ಮಲಗಿದರೆ ತಗ್ಗಿ ನಿಂತರೆ ಏರುವ ನೋವೂ ಹಾಗೆಯೇ.

ಫಲ ಅಳೆಯುವುದು ಯಾವಾಗ

ಏದುಸಿರು ತಗ್ಗುವುದು ಒಂದೆರಡು ತಿಂಗಳಲ್ಲೇ ಗೊತ್ತಾಗುತ್ತದೆ. ಒಂಟಿ ಕಾಲಿನ ಪರೀಕ್ಷೆ, ಕುರ್ಚಿ ಪರೀಕ್ಷೆಯನ್ನು ತಿಂಗಳಿಗೊಮ್ಮೆ ನೋಟುಬುಕ್ಕಿನಲ್ಲಿ ಬರೆಯಿರಿ. ಮೂಳೆಯದ್ದು ನಿಧಾನ: ಒಂದು ಕಡೆ ಹಳೆಯದನ್ನು ತೆಗೆದು ಹೊಸದನ್ನು ಕಟ್ಟಿ ಮುಗಿಸಲು ನಾಲ್ಕರಿಂದ ಆರು ತಿಂಗಳು ಬೇಕು, ಅದು ಡೆಕ್ಸಾದಲ್ಲಿ ಕಾಣಲು ಒಂದೆರಡು ವರ್ಷ. ಆರು ತಿಂಗಳಿಗೇ ಮತ್ತೆ ಸ್ಕ್ಯಾನ್ ಮಾಡಿಸಿ ದುಡ್ಡು ಕಳೆಯಬೇಡಿ. ಸಂಖ್ಯೆ ಏರದೆ ಅಲ್ಲೇ ನಿಂತಿದ್ದರೂ 50 ದಾಟಿದವರಿಗೆ ಅದು ಗೆಲುವೇ.

ಎರಡನೇ ಸಲ ಹೋಗುವಾಗ ಮೊದಲ ಸಲ ಮಾಡಿಸಿದ ಯಂತ್ರಕ್ಕೇ ಹೋಗಿ, ಹಳೆಯ ವರದಿ ಜೊತೆಗಿರಲಿ. ಬೇರೆ ಬೇರೆ ಯಂತ್ರದ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಲಾಗದು. ಸೇದುವುದನ್ನು ಯಾವ ದಿನ ಬಿಟ್ಟಿರಿ ಎಂಬುದನ್ನೂ ಆ ವರದಿಯ ಮೂಲೆಯಲ್ಲಿ ಬರೆದಿಡಿ, ವೈದ್ಯರು ಮೊದಲು ಕೇಳುವುದು ಅದನ್ನೇ.